ನೀಲವ್ವನ ತೂಕ ಮತ್ತು ನನ್ನ ಹೊಸ ಮಷೀನು

ಮೂವತ್ತೊಂದು ವರ್ಷ ನಾನು ಜನರ ತೂಕ ನೋಡಿದೆ. ರಾಮದುರ್ಗ, ಬೈಲಹೊಂಗಲ, ಕಿತ್ತೂರು, ಕೊನೆಗೆ ಸವದತ್ತಿ ಎಂದು ವರ್ಗ ಮಾಡಿದಲ್ಲೆಲ್ಲ ತೂಕದ ಮಷೀನನ್ನು ಚೀಲದಲ್ಲಿ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿದೆ. ಸರಕಾರದ ಕಾಗದದಲ್ಲಿ ನಾನು ಆರೋಗ್ಯ ಸಹಾಯಕಿ, ಊರವರ ಬಾಯಲ್ಲಿ ನರ್ಸಬಾಯಿ. ಹೋದ ವರ್ಷ ನಿವೃತ್ತಿಯಾದಾಗ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ತಾಯಿಯಂಥವರು’ ಎಂದು ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ವಿನಯದಿಂದ ಕೂತಿದ್ದೇನೆ ಎಂದು ಜನ ತಿಳಿದರು. ನನಗೆ ಆಗ ನೀಲವ್ವ ನೆನಪಾಗಿದ್ದಳು. ನನ್ನ ಒಂದು ತಪ್ಪಿನಿಂದ ಆ ಹೆಣ್ಣುಮಗಳ ಜೀವ ಹೋಗುವುದರಲ್ಲಿತ್ತು.

ನನ್ನ ಜಾಗಕ್ಕೆ ಬಂದ ಹುಡುಗಿ ಅವತ್ತು ಕೇಳಿದಳು, “ಅಕ್ಕಾರ, ಈ ಕೆಲಸದಾಗ ಏನ ನೋಡ್ಕೋಬೇಕ್ರಿ?” ನಾನು ಅವಸರದಲ್ಲಿ, “ರಿಜಿಸ್ಟರ್ ನೀಟಾಗಿ ಇಡು ಯವ್ವಾ” ಎಂದು ಹೇಳಿ ಬಸ್ ಹತ್ತಿದೆ. ಹೇಳಬೇಕಾದದ್ದು ಅದಾಗಿರಲಿಲ್ಲ. ಅವಳಿಗೂ ಅವಳಂಥವರಿಗೂ ಅದನ್ನು ಈಗ ಹೇಳುತ್ತೇನೆ.

ಮೊದಲು ನನ್ನ ಸ್ವಭಾವ ಹೇಳಬೇಕು. ನಾನು ಹುಟ್ಟಾ ಅಂಜುಬುರುಕಿ. ಮನೆಯಲ್ಲಿ ಯಾರಾದರೂ ಎರಡು ಸಲ ಕೆಮ್ಮಿದರೆ ಮೂರನೆಯದಕ್ಕೆ ಎದ್ದು ಕೂಡುವವಳು. “ನಿನಗ ಹಗ್ಗ ತೋರಿಸಿದ್ರ ಸಾಕು, ಹಾವು ಅಂತ ಊರ ಕೂಡಸತಿ” ಎಂದು ನಮ್ಮವ್ವ ನಗುತ್ತಿದ್ದಳು. ಈ ಅಂಜಿಕೆ ನೌಕರಿಯಲ್ಲಿ ನನ್ನನ್ನು ಎಷ್ಟೋ ಸಲ ಕಾಯ್ದಿದೆ. ಮುಳ್ಳು ತಿರುಗುವ ಹಳೆಯ ತೂಕದ ಮಷೀನನ್ನು ನಾನು ಎಂದೂ ನಂಬುತ್ತಿರಲಿಲ್ಲ. ಎತ್ತಿ ಇಳಿಸುವುದರಲ್ಲಿ ಅದರ ಮುಳ್ಳು ಸರಿದಿರುತ್ತಿತ್ತು. ದಿನಾ ಮುಂಜಾನೆ ಐದು ಕಿಲೋ ಉಪ್ಪಿನ ಪಾಕೀಟು ಅದರ ಮೇಲಿಟ್ಟು, ಸರಿ ತೋರಿಸುತ್ತದೆಯೇ ಎಂದು ನೋಡಿಯೇ ಹೊರಡುತ್ತಿದ್ದೆ. ಉಳಿದ ನರ್ಸಬಾಯಿಯರು, “ಉಪ್ಪಿನ ಪೂಜಿ ಆತೇನ್ರಿ?” ಎಂದು ಚೇಷ್ಟೆ ಮಾಡುತ್ತಿದ್ದರು.

ರಾಮದುರ್ಗದ ಕಡೆ ಇದ್ದಾಗಿನ ಮೊದಲ ಪಾಠ ಒಬ್ಬ ನೇಕಾರನದು. ನಲವತ್ತರ ಆಸುಪಾಸಿನ ಆಳು. ನಾಲ್ಕು ತಿಂಗಳಲ್ಲಿ ಗಲ್ಲ ಒಳಗೆ ಹೋಗಿ, ಅಂಗಿ ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿದ್ದ. ಯಾರೋ ಮಾಟ ಮಾಡಿಸಿದ್ದಾರೆಂದು ಮನೆಯವರು ಎರಡು ಕಡೆ ನಿಂಬೆಹಣ್ಣು ಇಳಿಸಿಬಂದಿದ್ದರು. “ಉಣ್ಣೂದೇನ ಕಮ್ಮಿ ಆಗಿಲ್ರಿ. ಮೊದಲ ಮೂರು ರೊಟ್ಟಿ ತಿಂತಿದ್ರು, ಈಗ ಐದು ತಿಂತಾರ. ಆದರೂ ಒಣಗಾಕತ್ತಾರ” ಎಂದಳು ಹೆಂಡತಿ. ನನ್ನ ಮೇಲಿನ ಹಿರಿಯ ನರ್ಸಬಾಯಿಯವರು ಎರಡೇ ಪ್ರಶ್ನೆ ಕೇಳಿದರು: ನೀರು ಎಷ್ಟು ಕುಡಿಯುತ್ತಾನೆ, ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳುತ್ತಾನೆ? ಮಗ್ಗದ ಪಕ್ಕದಲ್ಲೇ ಕೊಡ ಇಟ್ಟುಕೊಂಡಿದ್ದನಂತೆ. ಸಕ್ಕರೆ ಕಾಯಿಲೆ ಮಿತಿ ಮೀರಿತ್ತು. ಔಷಧ ಶುರುವಾದ ಮೇಲೆ ಮೈ ತುಂಬಿಕೊಂಡ. ಚೆನ್ನಾಗಿ ಉಂಡೂ ಇಳಿಯುವವರು ಇರುತ್ತಾರೆ ಎಂದು ಅವತ್ತು ಕಲಿತೆ.

ಇನ್ನೊಂದು ಸಂಗೊಳ್ಳಿಯದು. ಅಲ್ಲಿ ಒಬ್ಬ ಅಜ್ಜ ಮೂರು ತಿಂಗಳಲ್ಲಿ ಆರು ಕಿಲೋ ಇಳಿದಿದ್ದ. ಮನೆಯವರು ಕ್ಯಾನ್ಸರ್ ಎಂದು ತಾವೇ ತೀರ್ಮಾನ ಮಾಡಿ ನೆಂಟರನ್ನೆಲ್ಲ ಕರೆಸಿದ್ದರು. ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣು ಒರೆಸುತ್ತಿದ್ದರು. ಬಾಯಿ ತೆರೆಸಿ ನೋಡಿದರೆ ವಸಡು ಕೆಂಪಗೆ ಹುಣ್ಣಾಗಿದೆ. ಹೊಸದಾಗಿ ಕಟ್ಟಿಸಿದ ಹಲ್ಲಿನ ಸೆಟ್ಟು ಒತ್ತುತ್ತದೆ ಎಂದು ಅಜ್ಜ ಅದನ್ನು ಕಿಸೆಯಲ್ಲಿ ಇಟ್ಟುಕೊಂಡು ಬರೀ ಚಹಾ, ಗಂಜಿಯ ಮೇಲೆ ದಿನ ನೂಕುತ್ತಿದ್ದ. “ಮಗಾ ರೊಕ್ಕಾ ಹಾಕಿ ಮಾಡಿಸ್ಯಾನ, ಒತ್ತತೈತಿ ಅಂತ ಹೆಂಗ ಹೇಳ್ಲೆವಾ?” ಎಂದ. ಬೈಲಹೊಂಗಲಕ್ಕೆ ಕಳಿಸಿ ಸೆಟ್ಟು ಸರಿ ಮಾಡಿಸಿದೆವು. ಉಳಿದ ಪರೀಕ್ಷೆಗಳನ್ನೂ ಬಿಡದೆ ಮಾಡಿಸಿದೆವು, ಎಲ್ಲ ಸರಿಯಿತ್ತು. ಆ ಮನೆಯವರು ಆಮೇಲೆ ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದರು.

ಕಡೆಯ ಎಂಟು ವರ್ಷ ನಾನು ಮುನವಳ್ಳಿಯ ಆಚೆ, ನವಿಲುತೀರ್ಥದ ಕಾಲುವೆ ನೀರು ಹರಿಯುವ ಒಂದು ಊರಿನಲ್ಲಿದ್ದೆ. ಅಲ್ಲಿಯ ಡಾಕ್ಟರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ತಿಂಗಳ ಮೀಟಿಂಗಿನಲ್ಲಿ ಮೇಜು ಗುದ್ದಿ ಹೇಳುತ್ತಿದ್ದರು: “ಮನುಷ್ಯಾ ತಾ ಇಳಿಸಿದ್ರ ಬ್ಯಾರೆ, ತಾನಽ ಇಳದ್ರ ಬ್ಯಾರೆ. ಆರು ತಿಂಗಳು, ವರ್ಷದೊಳಗ ಮೈತೂಕದಾಗ ನೂರಕ್ಕ ಐದು ಪಾಲು ಸುಮ್ ಸುಮ್ನ ಹೋತಂದ್ರ ನನ್ನ ಮುಂದ ತಂದ ಕುಂದರಸ್ರಿ.” ಎಪ್ಪತ್ತು ಕಿಲೋದವರಿಗೆ ಅದು ಮೂರೂವರೆ ಕಿಲೋ ಆಗುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಟಿಬಿ, ಹೊಟ್ಟೆ ಕರುಳಿನ ರೋಗ, ಕ್ಯಾನ್ಸರ್, ಕುಡಿತ, ತೆಗೆದುಕೊಳ್ಳುವ ಔಷಧ, ಯಾರಿಗೂ ಹೇಳದೆ ಒಳಗೇ ನುಂಗಿದ ದುಃಖ, ಇವುಗಳಲ್ಲಿ ಯಾವುದೂ ಇರಬಹುದು ಎನ್ನುತ್ತಿದ್ದರು. ಜೊತೆಗೆ ಸಂಜೆ ಜ್ವರ, ಎರಡು ವಾರ ಬಿಡದ ಕೆಮ್ಮು, ನುಂಗಲು ತೊಂದರೆ, ಎಲ್ಲಾದರೂ ಗಂಟು, ಮಲದಲ್ಲಿ ರಕ್ತ ಅಥವಾ ಕಪ್ಪು ಬಣ್ಣ ಇದ್ದರೆ ಒಂದು ದಿನವೂ ಕಾಯಬೇಡಿ ಎನ್ನುತ್ತಿದ್ದರು. ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡೆ. ಬರೆದುಕೊಂಡವರಿಗೆಲ್ಲ ತಿಳಿದಿರುತ್ತದೆ ಎಂದೇನೂ ಇಲ್ಲ.

ನೀಲವ್ವ ಆ ಊರಿನ ಒಕ್ಕಲುತನದ ಮನೆಯವಳು. ವಯಸ್ಸು ಐವತ್ತೆರಡು. ಹಣೆಗೆ ಅಗಲವಾದ ವಿಭೂತಿ, ಅದರ ಕೆಳಗೆ ಕುಂಕುಮ, ಊರೆಲ್ಲ ಕೇಳುವ ನಗು. ಗಂಡ ಈರಪ್ಪ ಮಾತು ಕಡಿಮೆಯ ಮನುಷ್ಯ. ಮಕ್ಕಳಿಲ್ಲದ ಇಬ್ಬರೂ ಒಬ್ಬರಿಗೊಬ್ಬರು ಎಂದು ಇದ್ದವರು. ಅವಳಿಗೆ ಬಿಪಿ ಇತ್ತು, ತೂಕ ಎಪ್ಪತ್ತನಾಲ್ಕು. ಪ್ರತಿ ಸಲ ಗುಳಿಗೆ ಕೊಡುವಾಗ, “ನೀಲವ್ವಾರ, ತೂಕಾ ಇಳಸ್ರಿ” ಎಂದು ನಾನು ಜಪ ಮಾಡುತ್ತಿದ್ದೆ. “ನನ್ನ ತೂಕಾ ಇಳದ್ರ ನಮ್ಮ ಮನಿ ತೂಕಾನ ಇಳೀತೈತ್ರಿ” ಎಂದು ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು.

ಆ ವರ್ಷ ಜೂನಿನಲ್ಲಿ, ಕಾರಹುಣ್ಣಿಮೆಯ ಹೊತ್ತಿಗೆ ನಮಗೆ ಹೊಸ ಮಷೀನು ಬಂತು. ಅಂಕಿ ಬೆಳಗುವ ಗಾಜಿನ ಮಷೀನು. ಹತ್ತಿ ನಿಂತ ಹೆಣ್ಣುಮಕ್ಕಳೆಲ್ಲ ಹಳೆಯದಕ್ಕಿಂತ ಅರ್ಧ ಕಿಲೋ, ಒಂದು ಕಿಲೋ ಕಡಿಮೆ ಬಂದರು. ನಗೆಯೋ ನಗೆ. “ಸರಕಾರದವ್ರು ನಮ್ಮನ್ನ ಪುಕ್ಕಟೆ ತೆಳ್ಳಗ ಮಾಡ್ಯಾರ” ಎಂದು ಒಬ್ಬಳು ಕುಣಿದಳು. ನೀಲವ್ವ ಹತ್ತಿದಳು. ಅರವತ್ತೊಂಬತ್ತು. ಆರು ತಿಂಗಳಲ್ಲಿ ಐದು ಕಿಲೋ.

ಒಂದು ಕ್ಷಣ ನನ್ನ ಕೈ ನಿಂತಿತು, ಅದನ್ನು ಸುಳ್ಳು ಹೇಳಲಾರೆ. ಆಮೇಲೆ ನಾನೇ ಸಮಾಧಾನ ಮಾಡಿಕೊಂಡೆ. ಹಳೆಯ ಮಷೀನು ಮೊದಲೇ ಸುಳ್ಳ, ಹೊಸದು ಖರೆ ಹೇಳುತ್ತಿದೆ. ರಿಜಿಸ್ಟರಿನಲ್ಲಿ ಅವಳ ಅಂಕಿಯ ಮುಂದೆ ಪೆನ್ಸಿಲಿನಿಂದ ‘ಹೊಸ ಮಷೀನು’ ಎಂದು ಬರೆದೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಮಷೀನಿಗೆ ಅಂಜಿ ಅಂಜಿ ಅಷ್ಟು ವರ್ಷ ಕಳೆದವಳು, ಮನುಷ್ಯರ ಜೀವಕ್ಕೆ ಅಂಜಬೇಕಾದ ದಿನ ತಪ್ಪನ್ನು ಮಷೀನಿನ ಮೇಲೆ ಹಾಕಿ ಸುಮ್ಮನಾದೆ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಮರುವಾರ ಸ್ವಸಹಾಯ ಸಂಘದ ಸಭೆಯಲ್ಲಿ ಇಪ್ಪತ್ತು ಹೆಂಗಸರ ಮುಂದೆ ನೀಲವ್ವನನ್ನು ಎಬ್ಬಿಸಿ ನಿಲ್ಲಿಸಿದೆ. “ಇವ್ರನ್ನ ನೋಡ್ರಿ. ನನ್ನ ಮಾತು ಕೇಳಿ ತೂಕಾ ಇಳಿಸ್ಯಾರ. ನೀವೂ ಹಿಂಗ ಆಗಬೇಕು” ಎಂದು ಚಪ್ಪಾಳೆ ಹೊಡೆಸಿದೆ. ನೀಲವ್ವ ಸೆರಗು ಹೊದ್ದು ನಿಂತು ನಕ್ಕಳು. ಅವಳ ಎಂದಿನ ನಗು ಅದಾಗಿರಲಿಲ್ಲ. ನನ್ನ ಮಾತಿನ ಸಡಗರದಲ್ಲಿ ನನಗೆ ಕಾಣಲಿಲ್ಲ. ನನ್ನಿಂದ ಹೊಗಳಿಸಿಕೊಂಡ ಮೇಲೆ ಅವಳು ನನ್ನ ಮುಂದೆ ‘ಆರಾಮ ಇಲ್ಲ’ ಎಂದು ಹೇಗೆ ಹೇಳಿಯಾಳು? ಹೇಳುವ ಬಾಗಿಲನ್ನು ನಾನೇ ಹಾಕಿಬಿಟ್ಟಿದ್ದೆ. ಅದಾದ ಮೇಲೆ ಅವಳು ಗುಳಿಗೆಗೂ ತಾನು ಬರದೆ ಗಂಡನನ್ನು ಕಳಿಸತೊಡಗಿದಳು.

ನಾಲ್ಕು ತಿಂಗಳು ಹೋದವು. ಒಂದು ದಿನ ಮುನವಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಆ ಭಾಗದ ಊರುಗಳಿಗೆಲ್ಲ ಬಳೆ ತೊಡಿಸುವ ದಾದಾಸಾಬ ಗಂಟು ಇಳಿಸಿಕೊಂಡು ಪಕ್ಕಕ್ಕೆ ಬಂದ. ಅದು ಇದು ಮಾತಾಡಿ, ಆಚೀಚೆ ನೋಡಿ, ದನಿ ತಗ್ಗಿಸಿದ.

“ನರ್ಸಬಾಯಾರ, ಒಂದ ಮಾತು. ನೀಲವ್ವಾರಿಗೆ ಏನರೆ ಆಗೇತೇನ್ರಿ?”

“ಯಾಕ? ಏನಾತು?”

“ಹ್ವಾದ ಪಂಚಮಿಗೆ ಅವ್ರ ಕೈಗೆ ಎರಡು-ಎಂಟರ ಅಳತಿ ಬಳಿ ಏರಸಾಕ ನಾ ಬೆವತಿದ್ನಿ. ಈ ಪಂಚಮಿಗೆ ಎರಡು-ಆರು ಹಾಕಿದೆ. ಹಾಕಿ ಕೈ ಬಿಡೂದ್ರಾಗ ಬಳಿ ಜಾರಿ ತೊಡಿ ಮ್ಯಾಲೆ ಬಿತ್ರಿ. ಅವ್ರ ಮಾರಿ ಕಪ್ಪಿಟ್ಟ ಹೋತು. ‘ಯಾರ ಮುಂದೂ ಅನಬ್ಯಾಡ ದಾದಾ’ ಅಂತ ಕೈ ಮುಗದ್ರು. ಮೂವತ್ತ ವರ್ಷ ಕೈ ಹಿಡದೇನ್ರಿ. ಕೈ ಇಷ್ಟ ಲಗೂ ಹಿಂಗ ಸೊರಗೂದಿಲ್ರಿ.”

ನಾನು ಅಂಕಿ ನೋಡಿದ್ದೆ, ಅವನು ಕೈ ನೋಡಿದ್ದ. ಬಸ್ಸು ಬಂದರೂ ಹತ್ತಲಿಲ್ಲ. ತಿರುಗಿ ಆರೋಗ್ಯ ಉಪಕೇಂದ್ರಕ್ಕೆ ಹೋಗಿ, ಮೂಲೆಗೆ ಬಿಸಾಕಿದ್ದ ಹಳೆಯ ಮಷೀನನ್ನು ಎಳೆದು ಧೂಳು ಒರೆಸಿದೆ. ಉಪ್ಪಿನ ಪಾಕೀಟನ್ನು ಹಳೆಯದರ ಮೇಲಿಟ್ಟೆ, ಹೊಸದರ ಮೇಲಿಟ್ಟೆ. ಆಮೇಲೆ ನಾನೇ ಎರಡನ್ನೂ ಹತ್ತಿ ಇಳಿದೆ. ವ್ಯತ್ಯಾಸ ಒಂದು ಕಿಲೋ ಕೂಡ ಇರಲಿಲ್ಲ. ಐದು ಕಿಲೋ ಮಷೀನಿನದಲ್ಲ, ನೀಲವ್ವನದು.

ಮಷೀನು ಹಿಡಿದುಕೊಂಡು ಅವಳ ಮನೆಗೆ ಹೋದಾಗ ನೀಲವ್ವ ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದಳು. ಹಾಡುಹಗಲು ಅವಳು ಸುಮ್ಮನೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಮುಖ ಬಿಳಿಚಿತ್ತು. ಕುಪ್ಪಸಕ್ಕೆ ಎರಡೂ ಬದಿ ಹೊಲಿಗೆ ಹಿಡಿದಿದ್ದಳು.

“ಬರ್ರಿ ನರ್ಸಬಾಯಾರ, ಕುಂದರ್ರಿ. ಚಾ ಮಾಡತೇನಿ.”

“ಚಾ ಬ್ಯಾಡ್ರಿ. ಕೈ ತೋರಸ್ರಿ.”

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಬಿಡಲಿಲ್ಲ. ಹಸಿರು ಬಳೆಗಳಿಗೆಲ್ಲ ಒಳಬದಿಯಿಂದ ಹಸಿರು ದಾರ ಸುತ್ತಿ ಸುತ್ತಿ ದಪ್ಪ ಮಾಡಿದ್ದಳು, ಜಾರದಿರಲಿ ಎಂದು. ತುಂಬಾ ಜಾಣತನದ ಕೆಲಸ. ದೂರದಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಮುತ್ತೈದಿ ಕೈಯಾಗಿನ ಬಳಿ ತಾನಽ ಜಾರಬಾರದ್ರಿ” ಎಂದಳು ಮೆಲ್ಲಗೆ. “ನನಗೇನರೆ ಆಗಲಿ. ಅವ್ರಿಗೆ ಏನರೆ ಆದೀತು ಅಂತ ನನಗ ನಿದ್ದಿ ಇಲ್ಲ. ಅವ್ರಿಗೆ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ.”

ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಶಕುನ ಅಪಶಕುನ ನಂಬಿ ಬೆಳೆದವಳಲ್ಲ ನಾನು. ಬೇರೆ ದಿನವಾಗಿದ್ದರೆ ಇದಕ್ಕೆ ಒಂದು ಭಾಷಣ ಬಿಗಿಯುತ್ತಿದ್ದೆ. ಅವಳು ಬಳೆಯ ನೆಪದಲ್ಲಿ ಮುಚ್ಚಿಟ್ಟಿದ್ದಳು, ನಾನು ಮಷೀನಿನ ನೆಪದಲ್ಲಿ. ಅವಳಾದರೂ ಗಂಡನ ಮೇಲಿನ ಜೀವಕ್ಕೆ ಮುಚ್ಚಿಟ್ಟಳು.

ಜೂನಿನಲ್ಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ. “ತೂಕಾ ಇಳಸಾಕ ಏನ ಮಾಡಿದ್ರಿ? ಊಟಾ ಬಿಟ್ರೇನು? ನಡದ್ರೇನು?”

“ನಾ ಏನೂ ಮಾಡಿಲ್ರಿ. ಹಸಿವಿನ ಇಲ್ಲ. ನಾಕ ಹೆಜ್ಜಿ ನಡದ್ರ ದಮ್ ಬರತೈತಿ.”

ಮಷೀನಿನ ಮೇಲೆ ನಿಲ್ಲಿಸಿದೆ. ಅರವತ್ತನಾಲ್ಕು.

ಎಳೆಯ ಹುಡುಗಿಯರೇ, ಈ ನೌಕರಿಯಲ್ಲಿ ಇದೊಂದನ್ನು ಮರೆಯಬೇಡಿ. ಯಾರಾದರೂ ತೆಳ್ಳಗಾಗಿ ಎದುರು ಬಂದರೆ ಹೊಗಳುವುದಕ್ಕೆ ಮೊದಲು ಏನು ಮಾಡಿ ಇಳಿಸಿದಿರಿ ಎಂದು ಕೇಳಿ. ‘ಏನೂ ಮಾಡಿಲ್ಲ’ ಎಂಬ ಉತ್ತರ ಬಂದರೆ ಅಲ್ಲಿಂದ ಅವರನ್ನು ಬಿಟ್ಟು ಏಳಬೇಡಿ. ದಪ್ಪ ಇದ್ದವರು ಇಳಿದರೆ ಒಳ್ಳೆಯದೇ ಆಯಿತು ಎಂದುಕೊಳ್ಳುವುದು ನಮ್ಮ ಕಣ್ಣಿನ ರೋಗ.

ಮರುದಿನ ಅವಳನ್ನೂ ಈರಪ್ಪನನ್ನೂ ಡಾಕ್ಟರ ಮುಂದೆ ಕೂರಿಸಿದೆ. ಬಿಪಿ ತೋರಿಸಲು ಎಂದು ಈರಪ್ಪನಿಗೆ ಹೇಳಿ ಕರೆತಂದಿದ್ದೆ. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಡಾಕ್ಟರು ಅವಳ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. “ಮುಟ್ಟು ನಿಂತು ನಾಕ ವರ್ಷ ಆತು ಅಂತೀರಿ. ಹಂಗಾರ ಈ ರಕ್ತ ಎಲ್ಲಿ ಹೊಂಟೈತಿ?” ಎಂದು ತಮಗೆ ತಾವೇ ಅಂದುಕೊಂಡರು. ಹೊಟ್ಟೆ ಒತ್ತಿ ನೋಡಿದರು. ಬಲಗಡೆ ಒಂದು ಕಡೆ ಅವರ ಬೆರಳು ನಿಂತಿತು. ಆಮೇಲೆ ರಿಜಿಸ್ಟರ್ ಕೇಳಿದರು. ಪೆನ್ಸಿಲಿನ ‘ಹೊಸ ಮಷೀನು’ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮೇಜು ಗುದ್ದಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಚೀಟಿ ಬರೆದು, “ನೀವಽ ಸಂಗಾಟ ಹೋಗ್ರಿ” ಎಂದರು ಅಷ್ಟೇ.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಕರುಳಿಗೆ ಕ್ಯಾಮೆರಾ ಬಿಟ್ಟು ನೋಡಿದರು. ದೊಡ್ಡ ಕರುಳಿನಲ್ಲಿ ಗಡ್ಡೆ ಇತ್ತು. ತುಣುಕು ಪರೀಕ್ಷೆಗೆ ಕಳಿಸಿದರು. ವರದಿ ಬರುವ ತನಕ ನನ್ನ ಬಾಯಿಗೆ ಅನ್ನ ರುಚಿಸಲಿಲ್ಲ. ಮನೆಯಲ್ಲಿ ಫೋನು ಸದ್ದಾದರೆ ಬೆಚ್ಚುತ್ತಿದ್ದೆ. ಜೂನಿನಲ್ಲಿ ಬಂದಿದ್ದರೆ, ಜೂನಿನಲ್ಲಿ ಬಂದಿದ್ದರೆ ಎಂದು ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಕ್ಯಾನ್ಸರೇ ಎಂದು ವರದಿ ಬಂತು. ಬೇರೆ ಅಂಗಕ್ಕೆ ಹಬ್ಬಿದಂತೆ ಕಾಣುವುದಿಲ್ಲ, ಆಪರೇಷನ್ ಮಾಡೋಣ, ಒಳಗೆ ನೋಡಿದ ಮೇಲೆಯೇ ಖಾತ್ರಿ ಹೇಳುತ್ತೇವೆ ಎಂದರು.

ಆಪರೇಷನ್ನಿನ ಮುಂಜಾನೆ ಅಲ್ಲಿಯ ನರ್ಸು ಬಂದು ಮೈಮೇಲಿನ ಒಡವೆ, ಬಳೆ ಎಲ್ಲ ತೆಗೆಯಬೇಕು ಎಂದಳು. ಕೊರಳಿನ ಲಿಂಗವನ್ನು ನೀಲವ್ವ ತಾನೇ ಬಿಚ್ಚಿ, ಕಣ್ಣಿಗೆ ಒತ್ತಿಕೊಂಡು, ಗಂಡನ ಕೈಗೆ ಕೊಟ್ಟಳು. ಬಳೆಗೆ ಮಾತ್ರ ಒಪ್ಪಲಿಲ್ಲ. ಎರಡೂ ಕೈಗಳನ್ನು ಎದೆಗೆ ಅವಚಿಕೊಂಡು ಅಳತೊಡಗಿದಳು. “ಬಳಿ ತೆಗಿಯೂದಾದ್ರ ನನಗ ಆಪರೇಷನ್ ಬ್ಯಾಡ. ಮನಿಗೆ ಕರಕೊಂಡ ನಡೀರಿ.” ನರ್ಸು ಗಡಿಯಾರ ನೋಡಿದಳು.

ಈರಪ್ಪ ಮಂಚದ ಅಂಚಿಗೆ ಕೂತ. “ಕೈ ಕೊಡು ಇಲ್ಲೆ” ಎಂದ. ಅವಳು ಕೊಡಲಿಲ್ಲ. ತಾನೇ ಹಿಡಿದುಕೊಂಡ. ದಾರ ಕಂಡು, “ಏನಿದು?” ಎಂದ. ಅವಳು ಅಳುತ್ತಲೇ ಹೇಳಿದಳು. “ಹುಚ್ಚಿ, ನೀ ಇದ್ರ ಅಲ್ಲೇನ ನಾ ಇರೂದು?” ಎಂದ. ಆಮೇಲೆ ಒರಟು ಬೆರಳುಗಳಿಂದ ಒಂದೊಂದೇ ಬಳೆಯ ದಾರ ಬಿಚ್ಚಿದ. ನರ್ಸು ಸಾಬೂನಿನ ನೀರು ತಂದಿದ್ದಳು, ಅದು ಬೇಕಾಗಲೇ ಇಲ್ಲ. ದಾರ ಬಿಚ್ಚಿದ ಬಳೆಗಳು ತಾವಾಗಿಯೇ ಅವನ ಅಂಗೈಗೆ ಇಳಿದವು. ಅವನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡ. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ.

ನೀಲವ್ವ ಇದ್ದಾಳೆ. ಗಡ್ಡೆ ಪೂರ್ತಿ ತೆಗೆದರು, ಆರು ತಿಂಗಳು ಔಷಧ ಏರಿಸಿದರು, ಕೂದಲು ತೆಳುವಾಗಿ ಮತ್ತೆ ಬಂತು. ನಾಲ್ಕು ವರ್ಷವಾಯಿತು. ತಪಾಸಣೆಯ ದಿನ ಬಂದಾಗಲೆಲ್ಲ, ನಿವೃತ್ತಳಾದರೂ ಬೆಳಗಾವಿಗೆ ಅವಳ ಜೊತೆ ಹೋಗುತ್ತೇನೆ. ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಅವಳ ಪುಣ್ಯ ದೊಡ್ಡದಿತ್ತು, ನನ್ನ ತಪ್ಪಿಗಿಂತ ದೊಡ್ಡದಿತ್ತು. ಆದರೆ ನಾನು ಹೇಳಬೇಕಾದದ್ದು ಇನ್ನೂ ಒಂದಿದೆ, ಆಪರೇಷನ್ ನಡೆದಿದ್ದ ಹೊತ್ತಿನದು.

ಥಿಯೇಟರಿನ ಹೊರಗೆ ಬೆಂಚಿನ ಮೇಲೆ ನಾನೂ ಈರಪ್ಪನೂ ಕೂತಿದ್ದೆವು. ಮೂರು ತಾಸಾಗಿತ್ತು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುವುದು, ಬೇರೆಯವರ ಹೆಸರು ಕರೆದರೆಂದು ಮತ್ತೆ ಕೂಡುವುದು. ಅವನು ಅಲುಗಾಡಿದಾಗ ಕಿಸೆಯಲ್ಲಿ ಬಳೆ ಸದ್ದಾಗುತ್ತಿತ್ತು. ಹೇಳದೆ ಇರಲು ನನ್ನಿಂದ ಆಗಲಿಲ್ಲ. ಅವನು ಹೊಡೆದರೆ ಹೊಡೆಯಲಿ ಎಂದು ಗಟ್ಟಿ ಮನಸ್ಸು ಮಾಡಿದೆ.

“ಈರಪ್ಪಣ್ಣಾರ, ನಾ ಒಂದ ತಪ್ಪ ಮಾಡೇನಿ. ಕಾರಹುಣ್ಣಿಮಿ ಹೊತ್ತಿನಾಗಽ ನೀಲವ್ವಾರ ತೂಕಾ ಐದು ಕಿಲೋ ಇಳದಿತ್ತು. ನಾ ನೋಡೇನಿ. ಹೊಸಾ ಮಷೀನ ಹಂಗ ತೋರಸತೈತಿ ಅಂತ ಬಿಟ್ಟಬಿಟ್ನಿ. ಅವತ್ತಽ ಕರಕೊಂಡ ಬರಬೇಕಾಗಿತ್ತು.”

ಈರಪ್ಪ ನನ್ನ ಕಡೆ ನೋಡಲಿಲ್ಲ. ಸಿಟ್ಟು ಬಂದಿದೆ, ಈಗ ಏಳುತ್ತಾನೆ ಎಂದುಕೊಂಡೆ. ಅವನು ಕಿಸೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಹೇಳಿದ:

“ನೀವು ತಿಂಗಳಿಗೊಮ್ಮಿ ನೋಡಾವ್ರು ನರ್ಸಬಾಯಾರ. ನಾ ದಿನಾ ಎರಡ ಹೊತ್ತು ಆಕಿ ಮುಂದ ಕುಂತು ಉಣತಿದ್ನಿ. ಆಕಿ ನನಗ ನೀಡಿ, ‘ನನ್ನ ಊಟಾ ಆಗೇತಿ’ ಅಂತಿದ್ಲು. ನಾ ಒಂದ ದಿನಾನೂ ತಲಿ ಎತ್ತಿ ಆಕಿ ಉಣ್ಣೂ ಗಂಗಾಳ ನೋಡಲಿಲ್ಲ.”